ಎರಡೂವರೆ ಕಿಲೋ, ಇಡೀ ದಿನ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲಿ, ಈ ದಾರಿಯ ಹೆಚ್ಚುಕಡಿಮೆ ನಡುವೆ ರಾಯಾಪುರ. 60 ಕಿಲೋ ತೂಕದ ಒಬ್ಬರು ಎರಡೂವರೆ ಕಿಲೋದ ಫಿಲ್ಮ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅಷ್ಟೂ ದೂರ ನಡೆದರು ಎನ್ನೋಣ. ಕ್ಯಾಮೆರಾದ ದೆಸೆಯಿಂದ ಅವರ ಮೈಗೆ ಎಷ್ಟು ಹೆಚ್ಚಿನ ದುಡಿಮೆ ಬಿತ್ತು? ಸಮತಟ್ಟಾದ ದಾರಿಯಲ್ಲಿ ಹಗುರವಾದ ಹೊರೆಯನ್ನು ಮೈಗೆ ಹತ್ತಿರ ಹೊತ್ತು ನಡೆಯುವಾಗ ಖರ್ಚಾಗುವ ಶಕ್ತಿ ಸುಮಾರಾಗಿ ಒಟ್ಟು ತೂಕದ ಪ್ರಮಾಣದಲ್ಲೇ ಏರುತ್ತದೆ. ಎರಡೂವರೆ ಕಿಲೋ ಎಂದರೆ 60 ಕಿಲೋದ ಶೇಕಡಾ 4ರಷ್ಟು. ಹಾಗಾಗಿ ಅವರು ಬರಿಗೈಯಲ್ಲಿ 20 ಕಿಲೋಮೀಟರಿನ ಮೇಲೆ ಇನ್ನೊಂದು 800 ಮೀಟರು ನಡೆದಷ್ಟು ಶ್ರಮಪಟ್ಟರು, ಅಷ್ಟೇ.

ಲೆಕ್ಕ ಸರಿಯಾಗಿದೆ. ಆದರೂ ಇಂಥ ಕ್ಯಾಮೆರಾ ಹೊತ್ತು ಬೆಳಗಿನಿಂದ ತಿರುಗಿದ ಯಾರನ್ನೇ ಕೇಳಿ, ಅವರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕತ್ತಿನ ಬುಡ ಉರಿಯತೊಡಗುತ್ತದೆ. ಸಂಜೆಗೆ ಒಂದು ಭುಜ ಇನ್ನೊಂದಕ್ಕಿಂತ ಮೇಲೆದ್ದು ಬಿಗಿದುಕೊಂಡಿರುತ್ತದೆ. ಮರುದಿನ ತಲೆ ತಿರುಗಿಸಿದರೆ ನೋವು. ಕಾಲು ಮಾತ್ರ ದಣಿದಿರುವುದಿಲ್ಲ, ಉಸಿರೂ ಸರಾಗವಾಗಿಯೇ ಇರುತ್ತದೆ. ಮೈಯೆಲ್ಲ ಸುಖವಾಗಿದ್ದು ಅಂಗೈಯಗಲದ ಒಂದು ಜಾಗ ಮಾತ್ರ ನರಳುತ್ತಿರುತ್ತದೆ. ಕ್ಯಾಮೆರಾ ಹೊರುವ ಕಷ್ಟ ಶಕ್ತಿಯ ಕಷ್ಟವಲ್ಲ, ಜಾಗದ ಕಷ್ಟ ಮತ್ತು ಹೊತ್ತಿನ ಕಷ್ಟ ಎಂಬುದು ನನ್ನ ಗಟ್ಟಿ ನಂಬಿಕೆ. ಭಾರ ಎಲ್ಲಿ ಕೂತಿದೆ, ಅಲ್ಲಿ ಎಷ್ಟು ಹೊತ್ತಿನಿಂದ ಕದಲದೆ ಕೂತಿದೆ ಎಂಬ ಎರಡು ಮಾತಿನಲ್ಲೇ ಈ ಅಧ್ಯಾಯದ ಎಲ್ಲ ವಿಜ್ಞಾನವೂ ಅಡಗಿದೆ.

ಇಲ್ಲಿ ಹೇಳುತ್ತಿರುವುದು ಮೀಡಿಯಂ ಫಾರ್ಮ್ಯಾಟ್ ಎನ್ನುವ ಜಾತಿಯ ಕ್ಯಾಮೆರಾಗಳ ಮಾತು. ಮಾಮಿಯಾ ಆರ್‌ಬಿ67 ಲೆನ್ಸು, ಫಿಲ್ಮ್ ಹೋಲ್ಡರು ಸೇರಿ ಎರಡೂವರೆ ಕಿಲೋ ದಾಟುತ್ತದೆ. ಪೆಂಟ್ಯಾಕ್ಸ್ 67 ಕೂಡ ಎರಡು ಕಿಲೋಗಿಂತ ಹೆಚ್ಚು. ಒಂದು ಕಾಲದಲ್ಲಿ ನಮ್ಮ ಊರುಗಳ ಮದುವೆಮನೆಗಳಲ್ಲಿ ಕಾಣುತ್ತಿದ್ದ, ಎರಡು ಲೆನ್ಸಿನ ಯಾಶಿಕಾ ಮ್ಯಾಟ್ ಇವುಗಳ ಪಕ್ಕದಲ್ಲಿ ಹಗುರ, ಸುಮಾರು 1.1 ಕಿಲೋ. ಈ ತೂಕಕ್ಕೆ ಕಾರಣ ಫಿಲ್ಮಿನ ಅಳತೆ. 6×7 ಸೆಂಟಿಮೀಟರಿನ ನೆಗೆಟಿವ್ ಸಾಮಾನ್ಯ 35 ಮಿಲಿಮೀಟರ್ ನೆಗೆಟಿವ್‌ನ ನಾಲ್ಕೂವರೆ ಪಟ್ಟು ವಿಸ್ತಾರವಾದದ್ದು. ಅದಕ್ಕೆ ತಕ್ಕಂತೆ ಒಳಗಿನ ಕನ್ನಡಿ ದೊಡ್ಡದು, ಕನ್ನಡಿ ಮೇಲೇಳಲು ಬೇಕಾದ ಜಾಗ ದೊಡ್ಡದು, ಲೆನ್ಸಿನ ಗಾಜು ದಪ್ಪ. ಆ ನೆಗೆಟಿವ್‌ನಿಂದ ಬರುವ ಚಿತ್ರದ ನುಣುಪು, ನೆರಳಿನೊಳಗಿನ ವಿವರ ಕಂಡವರು ತೂಕಕ್ಕೆ ಹೆದರಿ ಅದನ್ನು ಬಿಡುವುದಿಲ್ಲ. ಬಿಡಬೇಕಾದ ಅಗತ್ಯವೂ ಇಲ್ಲ.

ಧಾರವಾಡ ಸೀಮೆಗೆ ಭಾರದ ಕ್ಯಾಮೆರಾ ಹೊಸದಲ್ಲ. 1855ರಲ್ಲಿ ಮುಂಬಯಿ ಸರಕಾರ ತನ್ನ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಬಿಜಾಪುರ, ಬಾದಾಮಿ, ಐಹೊಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವರು ಸೇನೆಯ ಕೆಲಸಕ್ಕೆ ಮರಳಿದ ಮೇಲೆ ವೈದ್ಯಾಧಿಕಾರಿ ವಿಲಿಯಂ ಪಿಗೂ ಆ ಕೆಲಸ ಮುಂದುವರಿಸಿದರು. ಇವರಿಬ್ಬರ ಮತ್ತು ಎ.ಸಿ.ಬಿ. ನೀಲ್ ಅವರ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಪುಸ್ತಕವಾಗಿ ಬಂದವು. ಮೆಡೋಸ್ ಟೇಲರ್ ಅದಕ್ಕೆ ಇತಿಹಾಸ ಬರೆದರು, ಜೇಮ್ಸ್ ಫರ್ಗುಸನ್ ಕಟ್ಟಡಗಳ ಟಿಪ್ಪಣಿ ಬರೆದರು. 1856ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ನೆಗೆಟಿವ್‌ಗಳಂತೂ ಇನ್ನೂ ದೊಡ್ಡವು, ಸುಮಾರು 16×18 ಇಂಚು. ಅವು ಗಾಜಿನವಲ್ಲ, ಮೇಣ ಹಚ್ಚಿದ ಕಾಗದದವು.

ಕಾಗದವನ್ನೇ ಯಾಕೆ ಆರಿಸಿಕೊಂಡರು ಎಂಬುದರಲ್ಲಿ ಹೊರೆಯ ಲೆಕ್ಕವೂ ಸೇರಿದೆ. ಅಷ್ಟಗಲದ, ಮೂರು ಮಿಲಿಮೀಟರು ದಪ್ಪದ ಗಾಜಿನ ಒಂದೇ ಒಂದು ಹಲಗೆ ಸುಮಾರು 1.4 ಕಿಲೋ ತೂಗುತ್ತದೆ. ಅದೇ ಅಳತೆಯ ಕಾಗದದ ಹಾಳೆ 20 ಗ್ರಾಮೂ ತೂಗುವುದಿಲ್ಲ. ಗಾಜಿಗೆ ರಾಸಾಯನಿಕ ಹಚ್ಚಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕಿತ್ತು. ಮೇಣದ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಕೆಲವು ದಿನ ಕಾಯಬಹುದಿತ್ತು. ಆದರೂ ಮರದ ದೊಡ್ಡ ಪೆಟ್ಟಿಗೆ ಕ್ಯಾಮೆರಾ, ಮುಕ್ಕಾಲಿ, ಔಷಧದ ಬಾಟಲಿಗಳು ಎಲ್ಲ ಸೇರಿದರೆ ಒಬ್ಬರ ಕೈಮೀರಿದ ಹೊರೆ. ಪುಸ್ತಕದ ಮೊದಲ ಪುಟದಲ್ಲಿ ಚಿತ್ರ ತೆಗೆದ ಮೂವರ ಹೆಸರಿದೆ, ಬರೆದ ಇಬ್ಬರ ಹೆಸರಿದೆ. ಹೊತ್ತವರ ಹೆಸರಿಲ್ಲ. ಚಿತ್ರ ತೆಗೆಯುವವರು, ಕ್ಯಾಮೆರಾ ಹೊರುವವರು ಒಬ್ಬರೇ ಆದದ್ದು ಆಮೇಲಿನ ಕಾಲದಲ್ಲಿ. ಹೊರುವುದು ಹೇಗೆ ಎಂಬ ಪ್ರಶ್ನೆ ಚಿತ್ರಕಾರರ ಸ್ವಂತ ಪ್ರಶ್ನೆಯಾದದ್ದೂ ಆಗಲೇ.

ಹೊರುವ ವಿದ್ಯೆ ಬಲ್ಲವರು ಈ ದಾರಿಯಲ್ಲಿ ಇಂದಿಗೂ ಸಿಗುತ್ತಾರೆ. ರಾಯಾಪುರದಿಂದ ಧಾರವಾಡದ ಕಡೆ ಸತ್ತೂರು ದಾಟಿದರೆ ನವಲೂರು. ಅಲ್ಲಿಯ ಪೇರಲ ಹಣ್ಣಿಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ಬುಟ್ಟಿ ಹೊರುವ ಹೆಣ್ಣುಮಗಳು ಸಿಂಬಿ ಮಾಡಿಕೊಳ್ಳುವುದನ್ನು ಹತ್ತಿರದಿಂದ ನೋಡಬೇಕು. ಹಳೆಯ ಸೀರೆಯ ತುಂಡನ್ನು ಹಗ್ಗದಂತೆ ಹೊಸೆದು, ನಾಲ್ಕು ಬೆರಳಿನ ಸುತ್ತ ಎರಡು ಮೂರು ಸುತ್ತು ಸುತ್ತಿ, ಉಳಿದ ತುದಿಯನ್ನು ಆ ಬಳೆಗೆ ಅಡ್ಡಡ್ಡಲಾಗಿ ಬಿಗಿದು ಕೊನೆಯನ್ನು ಒಳಗೆ ಸಿಕ್ಕಿಸುತ್ತಾಳೆ. ಅಂಗೈಯಲ್ಲಿಟ್ಟು ಒಮ್ಮೆ ಅದುಮಿ ನೋಡುತ್ತಾಳೆ. ಒಂದು ಕಡೆ ಗಂಟು ಕೈಗೆ ಹತ್ತಿದರೆ ಬಿಚ್ಚಿ ಮತ್ತೆ ಸುತ್ತುತ್ತಾಳೆ. ಬುಟ್ಟಿ ಬಹಳ ಭಾರವೇ ಎಂದು ಕೇಳಿದಾಗ ಒಬ್ಬಾಕೆ ಕೊಟ್ಟ ಉತ್ತರ ಹೀಗಿತ್ತು: “ಬುಟ್ಟಿ ವಜ್ಜಿ ಅಲ್ರೀ ಅಣ್ಣಾರ, ಅದರ ತಳಾ ಚುಚ್ಚತೈತಿ. ಅದಕ್ಕ ಸಿಂಬಿ ಬೇಕು.”

ಅವಳು ಹೇಳಿದ್ದು ಒತ್ತಡದ ನಿಯಮವನ್ನೇ. ಭಾರ ಎಷ್ಟೆಂಬುದು ಒಂದು ಮಾತು, ಆ ಭಾರ ಎಷ್ಟು ಜಾಗದ ಮೇಲೆ ಹರಡಿದೆ ಎಂಬುದು ಇನ್ನೊಂದು. ಹಳೆಯ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಚರ್ಮದ ಪಟ್ಟಿ ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಅಗಲ. ಅದು ಕತ್ತಿನ ಮೇಲೆ 12 ಸೆಂಟಿಮೀಟರು ಉದ್ದಕ್ಕೆ ಕೂರುತ್ತದೆ ಎಂದುಕೊಳ್ಳಿ. ಎರಡೂವರೆ ಕಿಲೋವನ್ನು ಹೊರಲು ಸಿಗುವುದು 12 ಚದರ ಸೆಂಟಿಮೀಟರು ಚರ್ಮ. ರಕ್ತದೊತ್ತಡ ಅಳೆಯುವ ಮಾನದಲ್ಲೇ ಹೇಳುವುದಾದರೆ ಅಲ್ಲಿ ಬೀಳುವ ಒತ್ತಡ ಪಾದರಸದ ಸುಮಾರು 150 ಮಿಲಿಮೀಟರು. ಪಟ್ಟಿಯ ಅಗಲವನ್ನು ಐದು ಸೆಂಟಿಮೀಟರಿಗೆ ಏರಿಸಿದರೆ ಒತ್ತಡ ಸುಮಾರು 30ಕ್ಕೆ ಇಳಿಯುತ್ತದೆ.

ಈ ಎರಡು ಅಂಕಿಗಳ ನಡುವೆ ಒಂದು ಗಡಿ ಇದೆ. 1930ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಯೂಜಿನ್ ಲ್ಯಾಂಡಿಸ್ ಮನುಷ್ಯರ ಬೆರಳಿನ ಉಗುರಿನ ಬುಡದ ಲೋಮನಾಳಗಳೊಳಗೆ ಕೂದಲಿಗಿಂತ ತೆಳ್ಳಗಿನ ಕೊಳವೆ ತೂರಿಸಿ ರಕ್ತದ ಒತ್ತಡ ಅಳೆದರು. ರಕ್ತ ಒಳಬರುವ ತುದಿಯಲ್ಲಿ ಅವರಿಗೆ ಸಿಕ್ಕ ಸರಾಸರಿ 32 ಮಿಲಿಮೀಟರು. ಹೊರಗಿನ ಒತ್ತಡ ಇದನ್ನು ಬಹಳ ಮೀರಿ ಬಹಳ ಹೊತ್ತು ನಿಂತರೆ ಆ ಜಾಗದ ಚರ್ಮಕ್ಕೆ, ಅದರ ಕೆಳಗಿನ ಮಾಂಸಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ಕಚಗುಳಿಯಂಥ ಜುಮ್ಮು, ಆಮೇಲೆ ಉರಿ, ಆಮೇಲೆ ನೋವು. ನಿಜವಾದ ಕತ್ತು ಸಮತಟ್ಟಾದ ಹಲಗೆಯಲ್ಲ. ಎಲುಬು ಉಬ್ಬಿದ ಕಡೆ, ಪಟ್ಟಿಯ ಅಂಚು ಮಡಚಿದ ಕಡೆ ಒತ್ತಡ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಪಟ್ಟಿ ಅಗಲವಾಗಿದ್ದರೆ ಸಾಲದು, ಅಂಚು ಮೆತ್ತಗಿರಬೇಕು, ಕತ್ತಿನ ಬಾಗಿಗೆ ಒಗ್ಗಬೇಕು. ಬೆವರಿದ ಚರ್ಮದ ಮೇಲೆ ಘರ್ಷಣೆಯೂ ಹೆಚ್ಚು. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ತಿರುಗುವವರು ಹೆಗಲ ಮೇಲೊಂದು ಹತ್ತಿಯ ಟವೆಲ್ ಮಡಚಿ ಹಾಕಿ ಅದರ ಮೇಲೆ ಪಟ್ಟಿ ಇಟ್ಟರೆ ಒತ್ತಡವೂ ಹರಡುತ್ತದೆ, ಬೆವರೂ ಹೀರುತ್ತದೆ. ಎಷ್ಟೋ ದುಬಾರಿ ಪಟ್ಟಿಗಳಿಗಿಂತ ಇದು ವಾಸಿ ಎನ್ನುತ್ತೇನೆ.

ಚರ್ಮದ ಕಷ್ಟವನ್ನು ಅಗಲದ ಪಟ್ಟಿ ಪರಿಹರಿಸೀತು. ಸ್ನಾಯುವಿನ ಕಷ್ಟ ಅದಕ್ಕಿಂತ ಸೂಕ್ಷ್ಮ. ತಲೆಯ ಹಿಂಭಾಗದಿಂದ ಹೊರಟು ಹೆಗಲ ತುದಿಗೂ ಬೆನ್ನಿನ ನಡುವಿಗೂ ಹರಡಿಕೊಂಡ ಟ್ರಪೀಝಿಯಸ್ ಎಂಬ ಸ್ನಾಯು ಹೆಗಲನ್ನು ಎತ್ತಿ ಹಿಡಿಯುತ್ತದೆ. ಒಂದೇ ಭುಜದಿಂದ ನೇರವಾಗಿ ಜೋತುಬಿದ್ದ ಪಟ್ಟಿ ಜಾರಬಾರದೆಂದು ನಾವು ನಮಗೇ ಗೊತ್ತಿಲ್ಲದಂತೆ ಆ ಭುಜವನ್ನು ಒಂದಿಷ್ಟು ಮೇಲೆತ್ತುತ್ತೇವೆ. ಅಷ್ಟೊಂದು ಸಣ್ಣ ಬಿಗಿತದಿಂದ ಏನಾದೀತು ಎನಿಸುತ್ತದೆ. 1960ರಲ್ಲಿ ಜರ್ಮನಿಯ ವಾಲ್ಟರ್ ರೋಮರ್ಟ್ ಕೂಡ ಸ್ನಾಯುವಿನ ಪೂರ್ಣ ಬಲದ ಶೇಕಡಾ 15ಕ್ಕಿಂತ ಕಡಿಮೆ ಬಿಗಿತವನ್ನು ಬಹಳ ಹೊತ್ತು ಕಾಯ್ದುಕೊಳ್ಳಬಹುದು ಎಂದೇ ತಿಳಿದಿದ್ದರು. ಆಮೇಲಿನ ಅಧ್ಯಯನಗಳು ಆ ಮಿತಿಯನ್ನು ಇನ್ನೂ ಕೆಳಕ್ಕೆ ಇಳಿಸುತ್ತ ಬಂದವು.

ಯಾಕೆ ಎಂಬುದಕ್ಕೆ ಸ್ವೀಡನ್ನಿನ ಯೋರಾನ್ ಹೆಗ್ 1991ರಲ್ಲಿ ಒಂದು ವಿವರಣೆ ಕೊಟ್ಟರು. ಸ್ನಾಯುವಿನ ಎಲ್ಲ ಎಳೆಗಳೂ ಒಟ್ಟಿಗೆ ದುಡಿಯುವುದಿಲ್ಲ. ಒಂದೊಂದು ನರಕೋಶ ಒಂದೊಂದು ಗುಂಪು ಎಳೆಗಳನ್ನು ಆಳುತ್ತದೆ. ಬಲ ಸ್ವಲ್ಪ ಬೇಕಾದಾಗ ಮೊದಲು ಸಣ್ಣ ಗುಂಪುಗಳು ಕೆಲಸಕ್ಕಿಳಿಯುತ್ತವೆ. ಬಲ ಹೆಚ್ಚಬೇಕಾದರೆ ದೊಡ್ಡವು ಒಂದೊಂದಾಗಿ ಸೇರಿಕೊಳ್ಳುತ್ತವೆ. ಬಿಗಿತ ಇಳಿಯುವಾಗ ದೊಡ್ಡವು ಮೊದಲು ಬಿಡುಗಡೆ ಪಡೆಯುತ್ತವೆ, ಸಣ್ಣವು ಕೊನೆಗೆ. ಮನೆಯವರೆಲ್ಲರಿಗಿಂತ ಮೊದಲು ಎದ್ದು ಎಲ್ಲರೂ ಮಲಗಿದ ಮೇಲೆ ಮಲಗುವ, ಕತೆಯ ಸಿಂಡರೆಲ್ಲಾ ಹುಡುಗಿಯ ಪಾಡೇ ಈ ಸಣ್ಣ ಎಳೆಗಳ ಪಾಡು ಎಂದು ಹೆಗ್ ಆ ಹೆಸರನ್ನೇ ಅವಕ್ಕೆ ಇಟ್ಟರು. ಒಟ್ಟು ಸ್ನಾಯು ನೋಡಿದರೆ ಆರಾಮಾಗಿದೆ, ಅದರ ಬಲದ ನೂರರಲ್ಲಿ ಐದಾರು ಪಾಲು ಮಾತ್ರ ಬಳಕೆಯಾಗಿದೆ. ಆದರೆ ಆ ಐದಾರು ಪಾಲನ್ನು ಬೆಳಗಿನಿಂದ ಹೊರುತ್ತಿರುವವು ಅವೇ ಎಳೆಗಳು. ಬಿಗಿತ ಪೂರ್ತಿ ಸೊನ್ನೆಗೆ ಇಳಿಯುವ ತನಕ ಅವಕ್ಕೆ ಬಿಡುವಿಲ್ಲ.

ಹಗುರ ಕ್ಯಾಮೆರಾದಿಂದಲೂ ಸಂಜೆಗೆ ಭುಜ ಬಿಗಿಯುವುದೇಕೆಂಬುದು ಇಲ್ಲಿ ಬಿಡಿಸಿಕೊಳ್ಳುತ್ತದೆ. ಎರಡೂವರೆ ಕಿಲೋವನ್ನು ಒಂದೂವರೆಗೆ ಇಳಿಸಿದರೆ ಆಗುವ ಲಾಭಕ್ಕಿಂತ, ಗಂಟೆಗೆ ನಾಲ್ಕಾರು ಸಲ ಭಾರವನ್ನು ಪೂರ್ತಿ ಇಳಿಸಿ ಭುಜವನ್ನು ಸಡಿಲ ಬಿಡುವುದರಿಂದ ಆಗುವ ಲಾಭ ದೊಡ್ಡದಿರಬಹುದು. ಅರ್ಧ ಇಳಿಸಿದರೆ ಸಾಲದು, ಪೂರ್ತಿ ಇಳಿಸಬೇಕು. ಪಟ್ಟಿಯನ್ನು ಒಂದೇ ಭುಜದಿಂದ ನೇರ ಇಳಿಬಿಡುವ ಬದಲು ಜಂಗಮರ ಜೋಳಿಗೆ ಇಳಿಬೀಳುವ ಹಾಗೆ ಎದೆಯ ಮೇಲಿಂದ ಅಡ್ಡ ಹಾಕಿಕೊಳ್ಳುವುದೂ ಇದೇ ಕಾರಣಕ್ಕೆ ಒಳ್ಳೆಯದು. ಅಡ್ಡ ಹಾಕಿದ ಪಟ್ಟಿ ಜಾರಲಾರದು. ಜಾರುವ ಭಯವಿಲ್ಲದ ಭುಜ ತಾನಾಗಿ ಕೆಳಗಿಳಿಯುತ್ತದೆ.

ಕ್ಯಾಮೆರಾವನ್ನು ಕಣ್ಣಿಗೆತ್ತುವಾಗಿನ ಲೆಕ್ಕವೇ ಬೇರೆ. ಮನುಷ್ಯನ ಒಂದು ತೋಳು, ಅಂಗೈ ಸೇರಿ, ಮೈತೂಕದ ಸುಮಾರು ಶೇಕಡಾ 5. ಅಂದರೆ 60 ಕಿಲೋದವರ ಎರಡು ತೋಳು ಸೇರಿ 6 ಕಿಲೋ. ಎರಡೂವರೆ ಕಿಲೋದ ಪೆಂಟ್ಯಾಕ್ಸನ್ನು ಕಣ್ಣಿಗೆತ್ತಿ ಹಿಡಿದು ನಿಂತವರು ಕ್ಯಾಮೆರಾಕ್ಕಿಂತ ಹೆಚ್ಚಾಗಿ ತಮ್ಮ ತೋಳುಗಳನ್ನೇ ಎತ್ತಿ ಹಿಡಿದಿರುತ್ತಾರೆ. ಭುಜದ ಕೀಲಿನಿಂದ ಭಾರ ಎಷ್ಟು ಮುಂದಿದೆಯೋ ಅಷ್ಟು ಪಟ್ಟು ಅದನ್ನು ತಡೆಯುವ ಸ್ನಾಯುವಿನ ದುಡಿಮೆ ಹೆಚ್ಚುತ್ತದೆ. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡರೆ ತೋಳಿನ ತೂಕದ ದೊಡ್ಡ ಪಾಲು ಎದೆಗೂಡಿನ ಮೇಲೆ ಕೂರುತ್ತದೆ. ಮೇಲಿನಿಂದ ಬಗ್ಗಿ ನೋಡುವ ಗಾಜಿರುವ ಮಾಮಿಯಾ, ಯಾಶಿಕಾಗಳಲ್ಲಿ ಈ ತೊಂದರೆಯೇ ಕಡಿಮೆ. ಕ್ಯಾಮೆರಾ ಹೊಟ್ಟೆಯ ಮಟ್ಟದಲ್ಲಿರುತ್ತದೆ, ಪಟ್ಟಿ ಬಿಗಿದು ಅರ್ಧ ಭಾರ ಹೊರುತ್ತದೆ, ಅದೇ ಬಿಗಿತ ಕ್ಯಾಮೆರಾ ಅಲುಗದಂತೆಯೂ ತಡೆಯುತ್ತದೆ. ಆದರೆ ಕತ್ತು ಬಗ್ಗುತ್ತದೆ. ನಾಲ್ಕೈದು ಕಿಲೋ ತೂಗುವ ತಲೆ ಮುಂದಕ್ಕೆ ವಾಲಿದಾಗ ಹಿಂಗತ್ತಿನ ಸ್ನಾಯುಗಳು ಅದನ್ನು ಹಿಡಿದಿಡಬೇಕು. ಚೌಕಟ್ಟು ನೋಡಿಕೊಂಡು, ಬೆಳಕಿಗೆ ಕಾಯುವಷ್ಟು ಹೊತ್ತು ತಲೆ ಎತ್ತಿಕೊಂಡಿರುವ ಅಭ್ಯಾಸ ಬೇಕು.

ಹೊರೆಯನ್ನು ಮೈಯ ಯಾವ ಕಡೆ ಇಡಬೇಕೆಂಬ ಪ್ರಶ್ನೆಗೆ ತೀರ ಚಂದದ ಉತ್ತರ ಕೊಟ್ಟದ್ದು ನಮ್ಮ ದೇಶದ ಒಂದು ಪ್ರಯೋಗ. ಎಸ್.ಆರ್. ದತ್ತ ಮತ್ತು ಎನ್.ಎಲ್. ರಾಮನಾಥನ್ 1971ರಲ್ಲಿ ಅದನ್ನು ಪ್ರಕಟಿಸಿದರು. 30 ಕಿಲೋದ ಹೊರೆಯನ್ನು ಏಳು ಬಗೆಯಲ್ಲಿ ಹೊರಿಸಿ, ಸಮತಟ್ಟು ನೆಲದಲ್ಲಿ ನಡೆಸಿ, ಉಸಿರಿನ ಆಮ್ಲಜನಕ ಅಳೆದರು. ತಲೆಹೊರೆ, ಬೆನ್ನಿನ ಚೀಲ, ಹಣೆಪಟ್ಟಿಯಿಂದ ಹೊರುವ ಶೆರ್ಪಾ ಪದ್ಧತಿ, ಬೆನ್ನಿಗೆ ಹೇರಿದ ಅಕ್ಕಿಮೂಟೆ, ಹೆಗಲ ಮೇಲಿನ ಅಡ್ಡೆ, ಎರಡು ಕೈಯ ಚೀಲಗಳು, ಮತ್ತು ಎದೆಗೆ ಅರ್ಧ ಬೆನ್ನಿಗೆ ಅರ್ಧ ಹಂಚಿದ ಜೋಡಿಚೀಲ. ಗೆದ್ದದ್ದು ಜೋಡಿಚೀಲ. ತಲೆಹೊರೆಗೆ ಅದಕ್ಕಿಂತ ಬರೀ ಶೇಕಡಾ 3ರಷ್ಟು ಹೆಚ್ಚು ಶಕ್ತಿ ಸಾಕಾಯಿತು. ಕೈಯಲ್ಲಿ ಹಿಡಿದು ನಡೆಯುವುದಕ್ಕೆ ಮಾತ್ರ ಶೇಕಡಾ 44ರಷ್ಟು ಹೆಚ್ಚು ಬೇಕಾಯಿತು. ಕ್ಯಾಮೆರಾವನ್ನು ದಿನವಿಡೀ ಕೈಯಲ್ಲೇ ಹಿಡಿದು ತಿರುಗುತ್ತೇನೆ ಎನ್ನುವವರು ಈ ಕೊನೆಯ ಅಂಕಿಯನ್ನು ನೆನಪಿಡಬೇಕು.

ತಲೆಹೊರೆಯ ಬಗ್ಗೆ ಜಗತ್ತಿನ ಗಮನ ಸೆಳೆದದ್ದು 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವರದಿ. ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಐದನೇ ಒಂದು ಪಾಲಿನವರೆಗೆ ಹೊತ್ತರೂ ಅವರ ಆಮ್ಲಜನಕದ ಬಳಕೆ ಹೆಚ್ಚಲಿಲ್ಲ. ಆ ಹೆಂಗಸರು ಹೊರೆಯೊಂದಿಗೆ ನಡೆಯುವಾಗ ಪ್ರತಿ ಹೆಜ್ಜೆಯ ಏರಿಳಿತದಲ್ಲಿ ಶಕ್ತಿ ಸೋರದಂತೆ ಉಳಿಸಿಕೊಳ್ಳುತ್ತಾರೆಂದು ಅದೇ ತಂಡದವರು ಆಮೇಲೆ ತೋರಿಸಿದರು. ಎಲ್ಲರಿಗೂ ಈ ವಿದ್ಯೆ ಒಂದೇ ಹದಕ್ಕೆ ಒಲಿಯುವುದಿಲ್ಲ ಎಂದು ಬೇರೆ ಪ್ರಯೋಗಗಳು ಹೇಳಿವೆ. ತಲೆಹೊರೆ ವರ್ಷಗಟ್ಟಲೆ ಹೊತ್ತವರ ಕತ್ತಿನ ನೋವನ್ನು ಮರೆತು ಅದನ್ನು ಹೊಗಳುವುದೂ ತಪ್ಪು. ಕ್ಯಾಮೆರಾವನ್ನಂತೂ ಯಾರೂ ತಲೆಯ ಮೇಲಿಡುವುದಿಲ್ಲ. ನಾವು ತೆಗೆದುಕೊಳ್ಳಬೇಕಾದ ಮಾತು ಇಷ್ಟು: ಭಾರದ ಗೆರೆ ಬೆನ್ನುಮೂಳೆಯ ಗೆರೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಜೋಡಿಚೀಲದ ಉಪಾಯವನ್ನು ಕ್ಯಾಮೆರಾಕ್ಕೆ ಒಗ್ಗಿಸುವುದು ಸುಲಭ. ಬೆನ್ನಿಗೊಂದು ಸಣ್ಣ ಚೀಲ. ಅದರಲ್ಲಿ ಎರಡನೆಯ ಲೆನ್ಸು, ಬೆಳಕಿನ ಮೀಟರು, ಫಿಲ್ಮ್ ರೋಲುಗಳು, ನೀರಿನ ಬಾಟಲಿ. ತೂಕ ಹೆಚ್ಚುಕಡಿಮೆ ಕ್ಯಾಮೆರಾದಷ್ಟೇ ಇರಲಿ. ಚೀಲದ ಎರಡು ಭುಜಪಟ್ಟಿಗಳಿಗೆ, ಎದೆಯ ಎತ್ತರದಲ್ಲಿ, ಒಂದೊಂದು ಗಟ್ಟಿ ಕೊಕ್ಕೆ ಹೊಲಿಸಿ, ಅಲ್ಲಿಂದ ಎರಡು ಗಿಡ್ಡ ಪಟ್ಟಿಗಳು ಕ್ಯಾಮೆರಾದ ಎರಡು ಕಿವಿಗಳಿಗೆ ಸೇರಲಿ. ಚೀಲ ಹಿಂದಕ್ಕೆ ಜಗ್ಗುತ್ತದೆ, ಕ್ಯಾಮೆರಾ ಮುಂದಕ್ಕೆ ಜಗ್ಗುತ್ತದೆ, ನಡುವೆ ಮೈ ನೆಟ್ಟಗೆ ನಿಲ್ಲುತ್ತದೆ. ಬೆನ್ನಿಗೆ ಮಾತ್ರ ಭಾರವಿದ್ದರೆ ಮುಂದಕ್ಕೆ ಬಾಗಬೇಕು, ಎದೆಗೆ ಮಾತ್ರ ಇದ್ದರೆ ಹಿಂದಕ್ಕೆ ವಾಲಬೇಕು. ಇಲ್ಲಿ ಎರಡೂ ಇಲ್ಲ, ಕತ್ತಿನ ಮೇಲೆ ಒಂದು ಗ್ರಾಮೂ ಇಲ್ಲ. ಮುಂದೆ ಉಬ್ಬಿಕೊಂಡ ಕ್ಯಾಮೆರಾದಿಂದ ಕಾಲ ಬುಡದ ನೆಲ ಕಾಣುವುದಿಲ್ಲ ಎಂಬ ಒಂದು ಕೊರತೆ ಇದೆ. ಮೆಟ್ಟಿಲಿಳಿಯುವಾಗ ಅದನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಳ್ಳಬೇಕು.

ಇಷ್ಟು ಹೊತ್ತು ನಿಂತ ಭಾರದ ಮಾತಾಯಿತು. ನಡೆಯುವಾಗ ಭಾರ ಸುಮ್ಮನಿರುವುದಿಲ್ಲ. ಎದೆಯ ಮುಂದೆ ಸಡಿಲವಾಗಿ ಜೋಲುವ ಕ್ಯಾಮೆರಾ ಒಂದು ಲೋಲಕ. 25ರಿಂದ 30 ಸೆಂಟಿಮೀಟರು ಉದ್ದದ ಲೋಲಕ ಒಂದು ಸಲ ಅತ್ತಿತ್ತ ತೂಗಿ ಬರಲು ಹಿಡಿಯುವ ಹೊತ್ತು 1ರಿಂದ 1.1 ಸೆಕೆಂಡು. ಸಾಧಾರಣ ನಡಿಗೆಯಲ್ಲಿ ಎಡ ಹೆಜ್ಜೆಯೊಂದು ಬಲ ಹೆಜ್ಜೆಯೊಂದು ಸೇರಿ ಮುಗಿಯಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ, ಮತ್ತು ಮೈ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವುದು ಇದೇ ತಾಳಕ್ಕೆ. ಎರಡು ತಾಳ ಕೂಡಿದರೆ ಅನುರಣನ. ಪ್ರತಿ ಹೆಜ್ಜೆಯೂ ತೂಗಾಟಕ್ಕೆ ಒಂದು ನೂಕು ಕೊಡುತ್ತದೆ, ಕ್ಯಾಮೆರಾ ಎದೆಗೂಡಿಗೆ ಬಡಿಯತೊಡಗುತ್ತದೆ, ಪ್ರತಿ ಬಡಿತಕ್ಕೂ ಕತ್ತು ಎದುರು ಜಗ್ಗುತ್ತದೆ. ಪಟ್ಟಿಯನ್ನು ಗಿಡ್ಡ ಮಾಡಿ ಕ್ಯಾಮೆರಾ ಎದೆಗೆ ಒತ್ತಿಕೊಂಡಿರುವಂತೆ ಮಾಡಿದರೆ ಮೈಯೇ ಅದರ ತೂಗಾಟವನ್ನು ನುಂಗುತ್ತದೆ. ಅಡ್ಡಪಟ್ಟಿಯಾದರೆ ಉದ್ದ ಬಿಟ್ಟು ಸೊಂಟದ ಹಿಂಬದಿಗೆ ಸರಿಸಿ, ಮೊಣಕೈಯಿಂದ ಮೆಲ್ಲಗೆ ಒತ್ತಿಹಿಡಿದರೂ ಆದೀತು. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವಾಗಲಂತೂ ಒಂದು ಕೈ ಕಂಬಕ್ಕೆ, ಇನ್ನೊಂದು ಕೈ ಕ್ಯಾಮೆರಾಕ್ಕೆ. ಬ್ರೇಕು ಬಿದ್ದಾಗ ಸಡಿಲ ಕ್ಯಾಮೆರಾ ಮುಂದಿನವರ ಬೆನ್ನಿಗೆ ಹೋಗಿ ತಾಕುತ್ತದೆ.

ಜಗ್ಗುವ ರಬ್ಬರಿನಂಥ ಪಟ್ಟಿಗಳ ಮಾತನ್ನು ಇಲ್ಲೇ ಹೇಳಬೇಕು. ನಿಯೊಪ್ರೀನ್ ಪಟ್ಟಿ ಹಾಕಿದರೆ ಕ್ಯಾಮೆರಾ ಹಗುರವಾಯಿತು ಎನ್ನುವವರು ಬಹಳ. ಹಗುರವೆನಿಸುವುದಕ್ಕೆ ಮುಖ್ಯ ಕಾರಣ ಅದರ ಅಗಲ ಮತ್ತು ಮೆತ್ತನೆ. ಜಗ್ಗುವ ಗುಣ ಎರಡಲಗಿನದು. ತೂಗುಹಾಕಿದ ಭಾರದಿಂದ ಪಟ್ಟಿ 6 ಸೆಂಟಿಮೀಟರು ಜಗ್ಗಿತು ಎಂದರೆ ಆ ಪಟ್ಟಿ ಮತ್ತು ಕ್ಯಾಮೆರಾ ಕೂಡಿ ಸೆಕೆಂಡಿಗೆ ಸುಮಾರು ಎರಡು ಸಲ ಮೇಲೆ ಕೆಳಗೆ ಕುಣಿಯುವ ಸ್ವಭಾವದ್ದಾಗುತ್ತವೆ. ನಮ್ಮ ಹೆಜ್ಜೆಯೂ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಮತ್ತೆ ಅದೇ ಅನುರಣನ, ಈ ಸಲ ಮೇಲೆ ಕೆಳಗೆ. ನಡಿಗೆಯ ಏರಿಳಿತವನ್ನು ನಿಜವಾಗಿ ತಡೆಯಬೇಕಾದರೆ ಪಟ್ಟಿ 15 ಸೆಂಟಿಮೀಟರಿನಷ್ಟಾದರೂ ಜಗ್ಗಬೇಕು. ಅಂಥ ಪಟ್ಟಿ ಕೊರಳಿಗೆ ಆಗದು. ಬಾಗುವ ಬಿದಿರಿನ ಅಡ್ಡೆ ಹೊತ್ತು ಓಡುವವರಿಗೆ ಇದು ಸಾಧ್ಯವಾಗಿದೆ. 1991ರಲ್ಲಿ ಅಮೆರಿಕದ ರಾಡ್ಜರ್ ಕ್ರ್ಯಾಮ್ ಬಳುಕುವ ಕೋಲುಗಳಿಂದ ಹೊರೆ ಹೊತ್ತು ಓಡಿಸಿ ಅಳೆದಾಗ, ಶಕ್ತಿಯ ಖರ್ಚು ಬೆನ್ನಿನ ಚೀಲದಷ್ಟೇ ಇತ್ತು. ಹೆಗಲ ಮೇಲೆ ಬೀಳುವ ಗರಿಷ್ಠ ಬಲ ಮಾತ್ರ ತಗ್ಗಿತ್ತು. ಕ್ಯಾಮೆರಾ ಕೊಳ್ಳುವವರಿಗೆ ನನ್ನ ಸಲಹೆ: ಅಂಗಡಿಯಲ್ಲೇ ಪಟ್ಟಿಗೆ ಕ್ಯಾಮೆರಾ ಹಾಕಿ ಎಷ್ಟು ಜಗ್ಗುತ್ತದೆ ನೋಡಿ. ಎರಡು ಬೆರಳಗಲಕ್ಕಿಂತ ಹೆಚ್ಚು ಜಗ್ಗಿದರೆ ಬೇಡ.

ಭಾರವನ್ನು ಹೆಗಲಿನಿಂದ ಪೂರ್ತಿ ಇಳಿಸಿ ಸೊಂಟಕ್ಕೆ ಕೊಡುವುದು ಇನ್ನೊಂದು ದಾರಿ. ಸೊಂಟದ ಎಲುಬು ಗಟ್ಟಿ, ಅಲ್ಲಿಂದ ಭಾರ ನೇರ ಕಾಲಿಗೆ ಇಳಿಯುತ್ತದೆ, ನಡುವೆ ಬೆನ್ನುಮೂಳೆಯ ತೊಡಕಿಲ್ಲ. ಅಮೆರಿಕದ ಸೇನಾ ಸಂಶೋಧಕರು 2004ರಲ್ಲಿ ಅಳೆದಾಗ, ಸೊಂಟಪಟ್ಟಿ ಇರುವ ಬೆನ್ನುಚೀಲದ ಭಾರದಲ್ಲಿ ಸುಮಾರು ಶೇಕಡಾ 30 ಕೆಳಬೆನ್ನು ಮತ್ತು ಸೊಂಟದ ಕಡೆಗೆ ಹೋಗುತ್ತಿತ್ತು. ಸಿನಿಮಾದವರು ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದರು. ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್‌ನಲ್ಲಿ ಚಿತ್ರೀಕರಣದ ಭಾರೀ ಕ್ಯಾಮೆರಾ ಸ್ಪ್ರಿಂಗಿನ ತೋಳಿಗೆ ತೂಗುತ್ತದೆ, ಆ ತೋಳು ಮೈಗೆ ಬಿಗಿದ ಅಂಗಿಗೆ ಸೇರುತ್ತದೆ, ಅಂಗಿ ಭಾರವನ್ನು ಎದೆಗೂ ಸೊಂಟಕ್ಕೂ ಹಂಚುತ್ತದೆ. 1976ರ ರಾಕಿ ಚಿತ್ರದಲ್ಲಿ ನಾಯಕ ಮೆಟ್ಟಿಲು ಹತ್ತುವಾಗ ಅವನ ಜೊತೆ ಓಡುವ ಕ್ಯಾಮೆರಾ ಅದೇ. ನಮ್ಮಂಥವರಿಗೆ ಅಷ್ಟೆಲ್ಲ ಬೇಡ. ಬೆನ್ನಿನ ಚೀಲಕ್ಕೆ ಅಗಲದ ಸೊಂಟಪಟ್ಟಿ ಇರಲಿ, ಅದನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲಂಚಿಗೆ ಬಿಗಿಯಿರಿ, ಆಮೇಲೆ ಭುಜಪಟ್ಟಿ ಒಂದಿಷ್ಟು ಸಡಿಲಿಸಿ. ಕ್ಯಾಮೆರಾವನ್ನೇ ಸೊಂಟಪಟ್ಟಿಯ ಪಕ್ಕಕ್ಕೆ ಸಿಕ್ಕಿಸುವ ಕೊಕ್ಕೆಗಳೂ ಸಿಗುತ್ತವೆ. ಸಣ್ಣ ಕ್ಯಾಮೆರಾಕ್ಕೆ ಅವು ಚೆನ್ನ. ಮಾಮಿಯಾದಂಥದು ತೊಡೆಗೆ ಬಡಿಯುತ್ತದೆ.

ಒಂದು ಎಚ್ಚರಿಕೆ. ಕತ್ತಿನ ಪಕ್ಕದಿಂದ ಹೊರಟು ಕೊರಳೆಲುಬಿನ ಕೆಳಗೆ ಹಾದು ತೋಳಿಗೆ ಹೋಗುವ ನರಗಳ ಹೆಣಿಗೆಯೊಂದಿದೆ. ಭುಜಪಟ್ಟಿಯ ಒತ್ತಡ ಅದರ ಮೇಲೆ ಬಹಳ ಹೊತ್ತು ಬಿದ್ದರೆ ತೋಳು ಜೋಮುಹಿಡಿದು ಬಲ ಕುಂದುತ್ತದೆ. ಭಾರೀ ಚೀಲ ಹೊರುವ ಸೈನಿಕರಲ್ಲಿ ವೈದ್ಯರು ಇದನ್ನು ಕಂಡಿದ್ದಾರೆ. ಕ್ಯಾಮೆರಾದ ಭಾರಕ್ಕೆ ಅಷ್ಟು ಸುಲಭದಲ್ಲಿ ಆಗದಿದ್ದರೂ, ಮುಕ್ಕಾಲಿ, ಚೀಲ, ಕ್ಯಾಮೆರಾ ಮೂರೂ ಒಂದೇ ಭುಜದ ಮೇಲೆ ಬಿದ್ದಾಗ ಬೆರಳುಗಳು ಜುಮ್ಮೆನ್ನತೊಡಗಿದರೆ ತಡಮಾಡದೆ ಇಳಿಸಿ. ಇಳಿಸಿದ ಮೇಲೂ ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ. ನೋವನ್ನು ಸಹಿಸಿಕೊಂಡು ಚಿತ್ರ ತೆಗೆಯುವುದೇ ನಿಷ್ಠೆ ಎಂಬ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ನಾನದನ್ನು ಒಪ್ಪುವುದಿಲ್ಲ. ನೋಯುವ ಕತ್ತು ಹೊತ್ತವರ ಗಮನ ನೋವಿನ ಮೇಲಿರುತ್ತದೆ, ಬೆಳಕಿನ ಮೇಲಲ್ಲ.

ಬಿಡುವಿನ ವಿಷಯದಲ್ಲಿ ಫಿಲ್ಮ್ ಕ್ಯಾಮೆರಾ ನಮಗೆ ಒಂದು ಉಪಕಾರ ಮಾಡಿದೆ. ಆರ್‌ಬಿ67ರಲ್ಲಿ 120ರ ಒಂದು ರೋಲಿಗೆ ಹತ್ತೇ ಚಿತ್ರ. ಡಿಜಿಟಲ್ ಹಿಡಿದವರು ನಿಲ್ಲದೆ ನೂರು ತೆಗೆಯುತ್ತಾರೆ, ಹೆಗ್ ಹೇಳಿದ ಆ ಸಣ್ಣ ಎಳೆಗಳಿಗೆ ಅಲ್ಲಿ ಬಿಡುವೇ ಇಲ್ಲ. ಇಲ್ಲಿ ಹತ್ತರ ಮೇಲೆ ನಿಲ್ಲಲೇಬೇಕು. ಅದನ್ನು ಅವಸರದಲ್ಲಿ, ಕೊರಳಲ್ಲಿ ಕ್ಯಾಮೆರಾ ತೂಗುತ್ತಿರುವಾಗಲೇ ಬದಲಿಸಿ ಮುಗಿಸಬೇಡಿ. ರಾಯಾಪುರದಿಂದ ಹೊರಟು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗಿದ್ದೀರಿ ಎನ್ನೋಣ. ಹತ್ತನೆಯದು ಮುಗಿದ ಕೂಡಲೇ ನೆರಳಲ್ಲಿ ಕೂತು, ಪಟ್ಟಿಯನ್ನು ತಲೆಯ ಮೇಲಿಂದ ಪೂರ್ತಿ ತೆಗೆದು, ಕ್ಯಾಮೆರಾವನ್ನು ತೊಡೆಯ ಮೇಲಿಡಿ. ಮುಗಿದ ರೋಲಿನ ಕಾಗದದ ತುದಿಯನ್ನು ಬಿಗಿಯಾಗಿ ಮಡಚಿ ಅಂಟಿಸಿ. ಎರಡೂ ಭುಜ ಕಿವಿಯ ತನಕ ಎತ್ತಿ ಒಮ್ಮೆಲೇ ಕೆಳಗೆ ಬಿಡಿ. ಕತ್ತಿಗೂ ಭುಜಕ್ಕೂ ನಡುವಿನ ಮಾಂಸವನ್ನು ಎದುರು ಕೈಯ ಬೆರಳುಗಳಿಂದ ಅದುಮಿ ನೋಡಿ. ಇನ್ನೂ ಗಟ್ಟಿಯಿದ್ದರೆ ಅದು ಇನ್ನೂ ದುಡಿಯುತ್ತಿದೆ, ಮೆತ್ತಗಾಗುವ ತನಕ ಕಾಯಿರಿ. ಪಟ್ಟಿ ಕ್ಯಾಮೆರಾಕ್ಕೆ ಸೇರುವ ಕೊಂಡಿಯನ್ನು ಆಗಲೇ ಬೆರಳಿಂದ ತಿರುಗಿಸಿ, ಸವೆದು ತೆಳ್ಳಗಾದ ಜಾಗ ಹತ್ತುತ್ತದೆಯೇ ನೋಡಿಕೊಳ್ಳಿ. ಹೊಸ ರೋಲಿನ ಬಾಣದ ಗುರುತನ್ನು ಚುಕ್ಕೆಗೆ ಕೂಡಿಸಿ ಹಿಂಬದಿ ಮುಚ್ಚಿದ ಮೇಲೆ, ಪಟ್ಟಿಯನ್ನು ಈ ಸಲ ಇನ್ನೊಂದು ಹೆಗಲಿನಿಂದ ಅಡ್ಡ ಹಾಕಿಕೊಂಡು ಏಳಿ.